ಆಟಕ್ಕುಂಟು, ಲೆಕ್ಕಕ್ಕಿಲ್ಲ

ಪಾಲಿಕೆಯ ಉಪವಿಭಾಗದ ಕಚೇರಿ. ಮೇಜಿನ ಗಾಜಿನಡಿ ತಿರುಪತಿ ತಿಮ್ಮಪ್ಪ, ಗಾಜಿನ ಮೇಲೆ ಕಡತಗಳ ಗುಡ್ಡ, ಗುಡ್ಡದ ಮಗ್ಗುಲಲ್ಲಿ ಕೆನೆಗಟ್ಟಿದ ಬೈಟು ಕಾಫಿ. ಎಂಜಿನಿಯರ್ ಸಾಹೇಬರು ಮನವಿ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಅದೇ ದೊಡ್ಡದು. ಎದುರಿಗೆ ನಿಂತವರು ನಾಲ್ಕು ಮಂದಿ: ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಸಾಫ್ಟ್‌ವೇರ್ ಕಂಪನಿಯ ಹೆಣ್ಣುಮಗಳು, ಬಿ.ಇ. ಓದುವ ಹುಡುಗ, ಬಡಾವಣೆಯ ಯಾವ ಮನವಿಯೇ ಇರಲಿ ಮೊದಲ ಸಹಿ ಹಾಕುವ ಒಬ್ಬ ಹಿರಿಯಮ್ಮ. ಕೇಳಿದ್ದೂ ಹೆಚ್ಚೇನಲ್ಲ. ಬಡಾವಣೆಯಿಂದ ಹೊರ ವರ್ತುಲ ರಸ್ತೆ ಸೇರುವ ದಾರಿಯಲ್ಲಿ ಸೈಕಲ್ಲಿಗೊಂದು ಪಥ ಬೇಕು, ಮೋರಿಯ ಜಾಲರಿ ಸರಿಪಡಿಸಬೇಕು, ಬೀದಿದೀಪ ಉರಿಯಬೇಕು.

"ಎಲ್ಲಾ ಸರಿ. ಈ ರೋಡಲ್ಲಿ ದಿನಕ್ಕೆ ಎಷ್ಟು ಸೈಕಲ್ ಓಡಾಡ್ತವೆ?"

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ತುಂಬಾ ಓಡಾಡ್ತವೆ ಸರ್," ಎಂದರು ಮೇಷ್ಟ್ರು.

"ತುಂಬಾ ಅಂತ ಎಸ್ಟಿಮೇಟಲ್ಲಿ ಬರೆಯೋಕಾಗಲ್ವಲ್ಲ ಸಾರ್."

ಆ ಮಾತಿನಲ್ಲಿ ಕೊಂಕಿರಲಿಲ್ಲ. ಬಾಗಿಲ ಬಳಿ ನಿಂತು ಕೇಳುತ್ತಿದ್ದ ನನಗೆ ಅದು ನ್ಯಾಯವಾದ ಪ್ರಶ್ನೆಯೆಂದೇ ಅನಿಸಿತು. ಬೆಂಗಳೂರಿನಲ್ಲಿ ನೋಂದಣಿಯಾದ ಮೋಟಾರು ವಾಹನಗಳು ಒಂದು ಕೋಟಿ ದಾಟಿವೆ ಎಂಬುದನ್ನು ಆಟೊ ಚಾಲಕನೂ ಹೇಳಬಲ್ಲ. ಸೈಕಲ್ ಎಷ್ಟು ಎಂದರೆ ಸಾರಿಗೆ ಇಲಾಖೆಯೂ ಬಾಯಿ ಬಿಡುವುದಿಲ್ಲ. ಅದು ಅವರ ಬಾಬತ್ತೇ ಅಲ್ಲ. 2011ರ ಜನಗಣತಿಯವರು ಮನೆಯಲ್ಲಿ ಸೈಕಲ್ ಉಂಟೇ, ಕೆಲಸಕ್ಕೆ ಹೇಗೆ ಹೋಗುತ್ತೀರಿ ಎಂದು ಕೇಳಿ ಬರೆದುಕೊಂಡಿದ್ದರು. 2021ರ ಗಣತಿ ಹೊತ್ತಿಗೆ ಸರಿಯಾಗಿ ನಡೆಯಲೇ ಇಲ್ಲ. ನಡುವಿನ ವರ್ಷಗಳಲ್ಲಿ ಊರು ಬೆಳೆದದ್ದೆಷ್ಟು, ಮಾರತ್ತಹಳ್ಳಿ ಬೆಳ್ಳಂದೂರುಗಳ ಕೆರೆಯಂಚಿನ ಗದ್ದೆಗಳೆಲ್ಲ ಗಾಜಿನ ಕಟ್ಟಡಗಳಾದದ್ದೆಷ್ಟು!

ಒಂದು ಕಾಲದಲ್ಲಿ ಈ ಲೆಕ್ಕ ಊರೂರಿಗೂ ಇತ್ತು. ಪುರಸಭೆಗೆ ವರ್ಷಕ್ಕೊಮ್ಮೆ ತೆರಿಗೆ ಕಟ್ಟಿ, ಸೈಕಲ್ಲಿನ ಹ್ಯಾಂಡಲ್ ಕೆಳಗೆ ಲೋಹದ ಬಿಲ್ಲೆ ಸಿಕ್ಕಿಸಿಕೊಳ್ಳಬೇಕಿತ್ತು. ಬಿಲ್ಲೆಯ ಮೇಲೆ ಊರಿನ ಹೆಸರು, ವರ್ಷ, ನಂಬರು. ತೆರಿಗೆಯ ಜವಾನ ಸಂತೆಯ ದಿನ ಸೇತುವೆಯ ತುದಿಯಲ್ಲಿ ನಿಂತರೆ ಬಿಲ್ಲೆಯಿಲ್ಲದವರು ಹೊಲದ ಬದುವಿನ ಮೇಲೆ ಇಳಿದು ಸುತ್ತು ಹಾಕಿ ಹೋಗುತ್ತಿದ್ದರು. ರಾತ್ರಿ ದೀಪವಿಲ್ಲದೆ ಹೋದರೆ ಪೊಲೀಸಿನವನು ಹಿಡಿಯುತ್ತಿದ್ದ. ಡಬಲ್ ರೈಡಿಂಗ್ ಹೋದರೂ ಹಿಡಿಯುತ್ತಿದ್ದ. ಹಿಂದೆ ಕೂತವನು ಪೇದೆಯ ಟೊಪ್ಪಿಗೆ ಕಂಡೊಡನೆ ಜಿಗಿದು, ಆ ಸೈಕಲ್ಲಿಗೂ ತನಗೂ ಸಂಬಂಧವೇ ಇಲ್ಲದವನ ಹಾಗೆ ಪಕ್ಕದ ಅಂಗಡಿಯ ಬೋರ್ಡು ಓದುತ್ತ ನಿಲ್ಲುವುದು ಎಲ್ಲ ಊರಿನ ಎಲ್ಲ ತರುಣರಿಗೂ ಬರುತ್ತಿದ್ದ ವಿದ್ಯೆ. ಸೈಕಲ್ ಬಡವರ ವಾಹನ, ಅದಕ್ಕೇಕೆ ತೆರಿಗೆ ಎಂದು ಬಿಲ್ಲೆ ಹೋಯಿತು. ಹೋದದ್ದು ಒಳ್ಳೆಯದೇ. ಆದರೆ ಬಿಲ್ಲೆಯ ಜತೆಗೆ ಪುರಸಭೆಯ ಆ ಲೆಡ್ಜರೂ ಮುಚ್ಚಿಕೊಂಡಿತು. ತೆರಿಗೆ ಕಟ್ಟುವವನನ್ನಾದರೂ ಸರ್ಕಾರ ಬಲ್ಲುದು; ಕಟ್ಟದವನನ್ನು ಯಾಕೆ ನೆನಪಿಟ್ಟುಕೊಂಡೀತು?

ಹೀಗಾಗಿ ಎಂಜಿನಿಯರರ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಬಡಾವಣೆಯ ಗುಂಪಿನ ಮೇಲೆಯೇ ಬಿತ್ತು. ವಾಟ್ಸ್‌ಆ್ಯಪಿನಲ್ಲಿ ಸೈಕಲ್ ಪರವಾಗಿ ಹೆಬ್ಬೆರಳು ಎತ್ತಿದವರಿಗೆ ಲೆಕ್ಕವಿಲ್ಲ. ಬೆಳಗಿನ ಐದೂವರೆಗೆ ಜಂಕ್ಷನ್ನಿಗೆ ಬಂದವರು ಬೆರಳೆಣಿಕೆ. ಡಿಸೆಂಬರಿನ ಮಂಜು ಇನ್ನೂ ಮೇಲ್ಸೇತುವೆಯ ಕಂಬಗಳನ್ನು ಬಿಟ್ಟಿರಲಿಲ್ಲ. ದರ್ಶಿನಿಯ ಹುಡುಗ ಷಟರ್ ಅರ್ಧ ಎತ್ತಿ, ಮೊದಲ ಡಿಕಾಕ್ಷನ್ನಿನ ವಾಸನೆಯನ್ನು ಬೀದಿಗೆ ಬಿಟ್ಟಿದ್ದ. ಹಿರಿಯಮ್ಮ ಮನೆಯಿಂದ ಮಡಚುವ ಕುರ್ಚಿ ತಂದಿದ್ದರು. ಮೇಷ್ಟ್ರ ಕೈಯಲ್ಲಿ ಪರೀಕ್ಷೆಯ ರಟ್ಟು, ರಟ್ಟಿಗೆ ಸಿಕ್ಕಿಸಿದ ಹಾಳೆ. ಹಾಳೆಯಲ್ಲಿ ಕಾಲಂಗಳು: ಗಂಡಸರು, ಹೆಂಗಸರು, ಮಕ್ಕಳು, ಹೊರೆ ಇದ್ದವರು. ನಾಲ್ಕು ನಿಲುಗೆರೆ, ಐದನೆಯದು ಅಡ್ಡ. ಮತ ಎಣಿಕೆಯ ಡ್ಯೂಟಿ ಮಾಡಿ ಮಾಡಿ ಪಳಗಿದ ಕೈ.

ಮೊದಲು ಬಂದವರು ಪೇಪರ್ ಹುಡುಗರು. ಹಿಂದಿನ ಕ್ಯಾರಿಯರಿನಲ್ಲಿ ಒಂದು ಕಟ್ಟು, ಮುಂದಿನ ಬಾರಿನ ಮೇಲೆ ಒಂದು ಕಟ್ಟು, ಹ್ಯಾಂಡಲ್ಲಿಗೆ ತೂಗುವ ಚೀಲದಲ್ಲಿ ಇನ್ನೊಂದಿಷ್ಟು. ಎಣಿಸುವವರ ಕಡೆ ತಿರುಗಿಯೂ ನೋಡಲಿಲ್ಲ. ಅವರ ಹಿಂದೆಯೇ ರಾತ್ರಿಯ ಟೀ ಮಾರುವವನು, ಕಸುಬು ಮುಗಿಸಿ ಮನೆಗೆ. ಈ ಊರಿನ ಸಾಫ್ಟ್‌ವೇರ್ ಗಲ್ಲಿಗಳಲ್ಲಿ ರಾತ್ರಿ ಎರಡಕ್ಕೆ ಚಹಾ ಕುಡಿದವರಿಗೆಲ್ಲ ಇವನು ಗೊತ್ತು: ಕ್ಯಾರಿಯರಿನ ಎರಡೂ ಕಡೆ ಸ್ಟೀಲಿನ ಫ್ಲಾಸ್ಕು, ಬುಟ್ಟಿಯಲ್ಲಿ ಬಿಸ್ಕತ್ತು, ಮಡಚಿದ ಕಾಗದದ ಲೋಟಗಳ ಉದ್ದನೆಯ ಕೊಳವೆ. ಆಮೇಲೆ ಸೊಪ್ಪಿನವಳು ಬಂದಳು, ಆದರೆ ತಳ್ಳುಗಾಡಿಯಲ್ಲಿ, ಅದನ್ನು ಬರೆಯಲಿಲ್ಲ. ಎಳನೀರಿನವನು ಬಂದಾಗ ಮೊದಲ ಜಗಳ ಎದ್ದಿತು. ಸೈಕಲ್ಲಿನ ಎರಡೂ ಪಕ್ಕ ಗೊಂಚಲು ಗೊಂಚಲಾಗಿ ಎಳನೀರು ತೂಗಿಬಿದ್ದು, ಸೀಟು ಕಾಣದಷ್ಟು ಹೊರೆ. ಅವನು ಸೈಕಲ್ ಹತ್ತಿರಲಿಲ್ಲ, ತಳ್ಳಿಕೊಂಡು ಬರುತ್ತಿದ್ದ.

"ಇವನು ಸೈಕಲ್ಲಾ, ಪಾದಚಾರಿಯಾ?" ಎಂದ ಹುಡುಗ.

"ಬಿದ್ದರೆ ಸೈಕಲ್ ಜತೆಗೇ ಬೀಳ್ತಾನೆ. ಸೈಕಲ್ ಅಂತ ಹಾಕಿ," ಎಂದರು ಹಿರಿಯಮ್ಮ. ಗೆರೆ ಬಿತ್ತು.

ಎರಡನೆಯ ಜಗಳ ಬಾಡಿಗೆಯ ಎಲೆಕ್ಟ್ರಿಕ್ ಗಾಡಿಯದು. ಯುಲು ಏರಿ ಬೆನ್ನಿಗೆ ಚೌಕದ ಚೀಲ ಕಟ್ಟಿಕೊಂಡು ಹೊರಟ ಡೆಲಿವರಿ ಹುಡುಗರ ದಂಡೇ ಬಂತು. ಪೆಡಲ್ ಇಲ್ಲ, ನಂಬರ್ ಪ್ಲೇಟೂ ಇಲ್ಲ. ಸಾಫ್ಟ್‌ವೇರಿನ ಹೆಣ್ಣುಮಗಳು ಬೇಡವೇ ಬೇಡ ಎಂದಳು. ಹುಡುಗ ಬೇಕೇ ಬೇಕು ಎಂದ. ಕೊನೆಗೆ ಹಾಳೆಯ ಅಂಚಿನಲ್ಲಿ ಪ್ರತ್ಯೇಕ ಕಾಲಂ ಗೀಚಿ ರಾಜಿಯಾಯಿತು. ಸರ್ಕಾರಿ ದಾಖಲೆಗಳೆಲ್ಲ ಹುಟ್ಟುವುದು ಹೀಗೆಯೇ ಇರಬೇಕು.

ಆರೂವರೆಯ ಹೊತ್ತಿಗೆ ದಾರಿಯ ಮಾತೇ ಬದಲಾಯಿತು. ಗಾರೆ ಕೆಲಸದವರ ತಗಡಿನ ಶೆಡ್ಡುಗಳಿಂದ ಹಳೆಯ ಹೀರೊ, ಅಟ್ಲಾಸ್ ಸೈಕಲ್ಲುಗಳು ಸಾಲುಗಟ್ಟಿದವು. ಒಂದಕ್ಕೆ ಮಡ್‌ಗಾರ್ಡಿಲ್ಲ, ಇನ್ನೊಂದಕ್ಕೆ ಬ್ರೇಕಿಲ್ಲ. ಚಪ್ಪಲಿಯ ಹಿಮ್ಮಡಿಯೇ ಬ್ರೇಕು. ಗೋಣಿಯಲ್ಲಿ ಸುತ್ತಿದ ಕರಣೆ, ಮಟ್ಟಗೋಲು, ಬಾರಿಗೆ ಕಟ್ಟಿದ ಬುತ್ತಿ. ಹಿಂದಿನ ಚಕ್ರದ ಕೀಚು ದನಿಗಳು ಒಂದರ ಬೆನ್ನಿಗೊಂದು. ಏಳರ ಸುಮಾರಿಗೆ ಸೆಕ್ಯುರಿಟಿಯವರು. ನೀಲಿ ಅಂಗಿ, ಹೆಗಲ ಪಟ್ಟಿಯಲ್ಲಿ ಏಜೆನ್ಸಿಯ ಹೆಸರು, ಮೂರು ಅಂತಸ್ತಿನ ಟಿಫಿನ್ ಕ್ಯಾರಿಯರ್. ರಾತ್ರಿ ಪಾಳಿ ಮುಗಿಸಿದವರು ಆಚೆಯಿಂದ, ಹಗಲು ಪಾಳಿಯವರು ಈಚೆಯಿಂದ. ಜಂಕ್ಷನ್ನಿನ ಹೊಂಡದ ಬಳಿ ಎದುರುಬದುರಾದಾಗ ಕಣ್ಣಲ್ಲೇ ಒಂದು ನಮಸ್ಕಾರ. ಮೇಷ್ಟ್ರ ಕೈಗೆ ಬಿಡುವೇ ಇಲ್ಲ. ಅಡ್ಡಗೆರೆ ಹಾಕುವಷ್ಟರಲ್ಲಿ ಮುಂದಿನ ನಾಲ್ಕು ದಾಟಿಹೋಗುತ್ತಿದ್ದವು.

ಅದೇ ಹೊತ್ತಿಗೆ ನಂದಿಬೆಟ್ಟದ ಕಡೆಯಿಂದ ಮರಳಿದ ಒಂದು ತಂಡ ಬಂದು ದರ್ಶಿನಿಯ ಮುಂದೆ ಇಳಿಯಿತು. ಮೈಗಂಟಿದ ಬಣ್ಣದ ಜರ್ಸಿ, ಒಂದೇ ಬೆರಳಿಗೆ ಎತ್ತಬಹುದಾದ ಕಾರ್ಬನ್ ಸೈಕಲ್ಲು, ಕಣ್ಣಿಗೆ ಕಪ್ಪು ಕನ್ನಡಕ. ಅವರಲ್ಲಿ ಇಬ್ಬರು ಮನವಿಗೆ ಸಹಿ ಹಾಕಿದವರೇ. ಇಡ್ಲಿ ವಡೆ ತಟ್ಟೆ ಹಿಡಿದು ಬಂದು, "ನಮ್ಮನ್ನೂ ಸೇರಿಸಿಕೊಂಡ್ರಾ?" ಎಂದು ಕೇಳಿ ನಕ್ಕರು. ಸೇರಿಸಿಕೊಂಡಿದ್ದರು. ಅವರೂ ಒಂದೊಂದು ಗೆರೆ, ಚಪ್ಪಲಿ ಬ್ರೇಕಿನವನೂ ಒಂದು ಗೆರೆ.

ಪಕ್ಕದ ಕಾಲಂ ಮಾತ್ರ ಬಹಳ ಹೊತ್ತು ಬಿಳಿಯಾಗಿಯೇ ಇತ್ತು. ಹೆಂಗಸರು. ಮನೆಗೆಲಸದವರು ಗುಂಪಾಗಿ ನಡೆದು ಹೋದರು, ಗಾರ್ಮೆಂಟ್ಸಿನವರು ಟೆಂಪೊದಲ್ಲಿ ನಿಂತು ಹೋದರು. ಸೈಕಲ್ ಮೇಲೆ ಬಂದವರನ್ನು ಹುಡುಕಬೇಕು. ಇದೇ ರಾಜ್ಯದಲ್ಲಿ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಟ್ಟಿತು. ಹಳ್ಳಿಗಾಡಿನ ರಸ್ತೆಗಳಲ್ಲಿ ಎರಡು ಜಡೆ ಕಟ್ಟಿದ ಹುಡುಗಿಯರು ಮೂವರು ನಾಲ್ವರು ಸಾಲಾಗಿ, ಹಿಂದಿನ ಬಸ್ಸಿನ ಹಾರನ್ನಿಗೂ ಜಗ್ಗದೆ ಹರಟುತ್ತ ಹೋಗುವುದನ್ನು ನೋಡದವರಿಲ್ಲ. ಕೋವಿಡ್ ಬಂದ ಮೇಲೆ ಆ ಯೋಜನೆ ನಿಂತಿತು. ಆ ಮೊದಮೊದಲ ತಂಡಗಳ ಹುಡುಗಿಯರಿಗೆ ಈಗ ಮೂವತ್ತು ದಾಟಿದೆ. ಎಷ್ಟೋ ಮಂದಿ ಇದೇ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾರೆ. ಸೈಕಲ್ ಹೊಡೆಯಲು ಬಾರದೆ ಬಿಟ್ಟವರಲ್ಲ ಇವರು. ಆ ಜಂಕ್ಷನ್ನಿನಲ್ಲಿ ಒಂದು ಬೆಳಗು ನಿಂತರೆ ಯಾಕೆ ಬಿಟ್ಟರೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ನೀರಿನ ಟ್ಯಾಂಕರು ಎಡಕ್ಕೆ ಒತ್ತಿದರೆ ಸೈಕಲ್ಲಿಗೆ ಉಳಿಯುವುದು ಮೋರಿಯ ಅಂಚು, ಅಂಚಿನಲ್ಲಿ ಜಾಲರಿ, ಜಾಲರಿಯ ಕಂಬಿಗಳು ರಸ್ತೆಯ ಉದ್ದಕ್ಕೇ ಇವೆ. ಸಣ್ಣ ಟಯರು ಕಂಬಿಗಳ ನಡುವೆ ಸಿಕ್ಕಿಕೊಂಡಿತೆಂದರೆ ಸವಾರ ಹ್ಯಾಂಡಲ್ ಮೇಲಿಂದ ಹಾರಿಯೇ ಇಳಿಯಬೇಕು.

ಎಣಿಸಿದ ಗೆರೆಗೆ ಬೆಲೆ ಇದೆ ಎಂದು ಮೇಷ್ಟ್ರಿಗೆ ಗೊತ್ತಾದದ್ದು ಒಂದು ಹಳೆಯ ಪುಸ್ತಕದಿಂದ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1962ರಲ್ಲಿ ಸೈಕಲ್ ಪಥಗಳಿಗೆಂದೇ ಒಂದು ಕೈಪಿಡಿ ತಂದಿತ್ತು. ಅದರ ಗಣಿತ ಹೀಗಿದೆ: ಗಂಟೆಗೆ 100ರಿಂದ 200 ಮೋಟಾರು ವಾಹನ ಓಡಾಡುವ ದಾರಿಯಲ್ಲಿ, ದಟ್ಟಣೆಯ ಗಂಟೆಯಲ್ಲಿ 400 ಸೈಕಲ್ ಬಂದರೆ ಪ್ರತ್ಯೇಕ ಪಥ ಹಾಕಬಹುದು. ಮೋಟಾರು ವಾಹನ 200 ದಾಟಿದರೆ ನೂರೇ ಸೈಕಲ್ ಸಾಕು. 1962ರಲ್ಲಿ ಗಂಟೆಗೆ 200 ಮೋಟಾರು ಎಂದರೆ ಅದೊಂದು ಜಾತ್ರೆ; ಇವತ್ತು ಬಡಾವಣೆಯ ಮೂರನೇ ಕ್ರಾಸಿನಲ್ಲೂ ಅಷ್ಟು ಓಡಾಡುತ್ತವೆ. ಕೈಪಿಡಿ 2015ರಲ್ಲಿ ಪರಿಷ್ಕರಣೆಯಾಯಿತು. ಆದರೆ ಕಚೇರಿಗಳ ಮನಸ್ಸಿನಲ್ಲಿ ಕೂತಿರುವುದು ಇಂದಿಗೂ ಆ ಹಳೆಯ ತರ್ಕವೇ: ಮೊದಲು ಜನ ಬರಲಿ, ಆಮೇಲೆ ದಾರಿ. ದಾರಿಯಿಲ್ಲದೆ ಜನ ಹೇಗೆ ಬಂದಾರು ಎಂದು ಕೇಳಿದರೆ, ಹೊಳೆ ಈಜಿ ಬರುವವರನ್ನು ಎಣಿಸಿ ಸೇತುವೆ ಕಟ್ಟುವವರ ಮುಂದೆ ನಿಂತ ಹಾಗೆ. ಆದರೂ ಪಾಳಿ ಬದಲಾಗುವ ಆ ಒಂದು ಗಂಟೆಯ ಹಾಳೆಯನ್ನು ಮೇಷ್ಟ್ರು ಬಹಳ ಜೋಪಾನವಾಗಿ ಮಡಚಿ ಜೇಬಿಗಿಟ್ಟುಕೊಂಡರು.

ಇನ್ನೊಂದು ಲೆಕ್ಕವೂ ರೋಡ್ಸ್ ಕಾಂಗ್ರೆಸ್ಸಿನ ಪುಸ್ತಕಗಳಲ್ಲಿದೆ. ರಸ್ತೆಯ ಸಾಮರ್ಥ್ಯ ಅಳೆಯುವಾಗ ಕಾರಿಗೆ ಒಂದು, ಸೈಕಲ್ಲಿಗೆ ಸುಮಾರು ಅರ್ಧ. ಹಿಡಿಯುವ ಜಾಗದ, ಓಡುವ ವೇಗದ ಲೆಕ್ಕವದು. ಕಾರಿನೊಳಗೆ ಒಬ್ಬನೇ ಕೂತಿದ್ದರೂ ಒಂದೇ. ಅರ್ಧ ಕಾರು ಎನಿಸಿಕೊಂಡ ಸೈಕಲ್ಲಿನ ಮೇಲೆ ಪೂರ್ತಿ ಒಬ್ಬ ಮನುಷ್ಯನಿದ್ದಾನೆ ಎಂಬುದಕ್ಕೆ ಆ ಕೋಷ್ಟಕದಲ್ಲಿ ಮನೆಯಿಲ್ಲ.

ಬೆಂಗಳೂರಿಗೆ ಸೈಕಲ್ ಪಥ ಎಂಬುದು ಹೊಸ ಮಾತಲ್ಲ. 2020ರಲ್ಲಿ ಕೋವಿಡ್ ಬಂದು, ಬಸ್ಸು ನಿಂತು, ಮೆಟ್ರೊ ಮುಚ್ಚಿದಾಗ ಸೈಕಲ್ ಅಂಗಡಿಗಳ ಮುಂದೆ ಸಾಲು ಕಂಡಿತು. ಕೇಂದ್ರದವರು ನಗರಗಳಿಗೆ ಸೈಕಲ್ ಸವಾಲೊಂದನ್ನು ಒಡ್ಡಿದರು. ಬೆಂಗಳೂರೂ ಪ್ರಶಸ್ತಿ ಪಡೆದ ಹನ್ನೊಂದು ನಗರಗಳಲ್ಲೊಂದಾಯಿತು. 2020ರ ಅಕ್ಟೋಬರಿನಲ್ಲಿ ನಗರ ಭೂ ಸಾರಿಗೆ ನಿರ್ದೇಶನಾಲಯದವರು ಹೊರ ವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡಿನಿಂದ ಕೆ.ಆರ್.ಪುರದ ಕಡೆಗೆ ಸುಮಾರು 17 ಕಿಲೊಮೀಟರ್ ಉದ್ದಕ್ಕೆ ತಾತ್ಕಾಲಿಕ ಸೈಕಲ್ ಪಥ ಹಾಕಿದರು. ಹಿಂದಿನ ವರ್ಷವಷ್ಟೇ ಬಂದಿದ್ದ ಬಸ್ ಪಥದ ಜತೆಗೆ ಇದೂ ಒಂದು. ಬಿಳಿ ಗೆರೆ, ನೆಟ್ಟ ಗೂಟ, ನೆಲದ ಮೇಲೆ ಸೈಕಲ್ಲಿನ ಚಿತ್ರ. ಚಿತ್ರ ಒಣಗುವ ಮೊದಲೇ ಸ್ಕೂಟರುಗಳಿಗೆ ಆ ದಾರಿ ಬಹಳ ಇಷ್ಟವಾಯಿತು. ಗೂಟಗಳು ಮೊದಲು ವಾಲಿದವು, ಆಮೇಲೆ ಮುರಿದವು, ಕೆಲವು ಮಾಯವಾದವು. ಅಲ್ಲಲ್ಲಿ ಕ್ಯಾಬುಗಳು ಅಲ್ಲಿಯೇ ನಿದ್ದೆ ಮಾಡಿದವು. ಮುಂದೆ ಮೆಟ್ರೊ ನೀಲಿ ಮಾರ್ಗದ ಕಾಮಗಾರಿಗೆ ಬ್ಯಾರಿಕೇಡುಗಳು ಬಂದಾಗ ಬಸ್ ಪಥವೂ ಸೈಕಲ್ ಪಥವೂ ಅವುಗಳಡಿ ಸೇರಿಹೋದವು.

ಸೋತಿತು ಎಂದು ಅದನ್ನು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಗೂಟ ಸರಿಯಿದ್ದಷ್ಟು ದಿನ ಆ ಪಥದಲ್ಲಿ ಅತಿ ಹೆಚ್ಚು ಕಂಡದ್ದು ಐಟಿ ಪಾರ್ಕಿನ ಎಂಜಿನಿಯರರಲ್ಲ, ಐಟಿ ಪಾರ್ಕಿನ ಬಾಗಿಲು ಕಾಯುವವರು. ಪಥ ಕೇಳಿ ಟ್ವೀಟು ಮಾಡಿದವರೊಬ್ಬರು, ಪಥ ಬಳಸಿದವರಿನ್ನೊಬ್ಬರು. ಇಬ್ಬರಿಗೂ ಪರಿಚಯವೇ ಇರಲಿಲ್ಲ. ಪಥ ಕಿತ್ತಾಗ ಕೂಗೆದ್ದದ್ದೂ ಮೊದಲಿನವರದೇ. ಎರಡನೆಯವರು ಮತ್ತೆ ಮೋರಿಯ ಅಂಚಿಗೆ ಸರಿದು, ಎಂದಿನಂತೆ ಏಳಕ್ಕೆ ಸರಿಯಾಗಿ ಡ್ಯೂಟಿಗೆ ಹಾಜರಾದರು.

ಕೂಗುವವರು ಸುಮ್ಮನೆ ಕೂಗಿದ್ದಾರೆಂದಲ್ಲ. ಆಮ್‌ಸ್ಟರ್‌ಡ್ಯಾಮಿನ ಸಂಸ್ಥೆಯೊಂದು ಊರೂರಿಗೆ 'ಬೈಸಿಕಲ್ ಮೇಯರ್' ಎಂದು ಸ್ವಯಂಸೇವಕರನ್ನು ಹೆಸರಿಸುತ್ತದೆ. ಬೆಂಗಳೂರಿಗೆ ಆ ಪಟ್ಟ ಬಂದದ್ದು ಸತ್ಯ ಶಂಕರನ್ ಅವರಿಗೆ. ಗೂಟದ ಕಾರಿಲ್ಲ, ಅಧಿಕಾರವಿಲ್ಲ, ಕಚೇರಿಯಿಂದ ಕಚೇರಿಗೆ ಸೈಕಲ್ ತುಳಿಯುವ ಮೇಯರ್‌ಗಿರಿ. ಅವರು ಮುಂದೆ ನಿಂತು ಬೆಳೆಸಿದ 'ಸೈಕಲ್ ಟು ವರ್ಕ್' ಪ್ರಯೋಗದ ಜಾಣತನ ಇರುವುದೂ ಲೆಕ್ಕದಲ್ಲೇ. ಉದ್ಯೋಗಿಗಳು ಕಚೇರಿಗೆ ತುಳಿದ ದೂರವನ್ನು ಮೊಬೈಲ್ ಬರೆದುಕೊಳ್ಳುತ್ತದೆ, ಕಂಪನಿ ಕಂಪನಿಗಳ ನಡುವೆ ಪೈಪೋಟಿ ಹತ್ತುತ್ತದೆ, ಪೈಪೋಟಿಯ ಪಟ್ಟಿ ನೋಡಿ ಮ್ಯಾನೇಜರು ನೆಲಮಾಳಿಗೆಯಲ್ಲಿ ಸೈಕಲ್ ಸ್ಟ್ಯಾಂಡು ಹಾಕಿಸುತ್ತಾನೆ. 2021ರಲ್ಲಿ ಬಿಎಂಟಿಸಿಯವರು ಕೆಲವು ಬಸ್ಸುಗಳ ಮೂತಿಗೆ ಸೈಕಲ್ ಹೊರುವ ಚೌಕಟ್ಟು ಕೂರಿಸಿದ್ದು, ಮಡಚುವ ಸೈಕಲ್ಲಿಗೆ ಮೆಟ್ರೊ ಬಾಗಿಲು ತೆರೆದದ್ದು, ನಡೆಯುವವರ ಮತ್ತು ತುಳಿಯುವವರ ಹಕ್ಕಿಗೆಂದೇ ರಾಜ್ಯದಲ್ಲಿ ಒಂದು ಮಸೂದೆಯ ಕರಡು ಹುಟ್ಟಿದ್ದು, ಇವೆಲ್ಲ ಇಂಥ ಬೆನ್ನುಬಿಡದ ಓಡಾಟದ ದಿನಗಳಲ್ಲೇ. ಅತ್ತ ಮೈಸೂರಿನಲ್ಲಿ 2017ರಲ್ಲೇ 450 ಬಾಡಿಗೆ ಸೈಕಲ್ಲುಗಳು 'ಟ್ರಿಣ್ ಟ್ರಿಣ್' ಎಂದು ಬೀದಿಗಿಳಿದಿದ್ದವು. ಆದರೆ ಆ್ಯಪಿನಲ್ಲಿ ಕಿಲೊಮೀಟರು ಬರೆಸುವವನು ಸ್ಮಾರ್ಟ್‌ಫೋನಿಗೆ ಡೇಟಾ ಹಾಕಿಸಿದವನು. ಚಪ್ಪಲಿ ಬ್ರೇಕಿನವನ ಕಿಲೊಮೀಟರು ಗಾಳಿಗೆ ಹೋಗುತ್ತದೆ.

ಸೈಕಲ್ ಸವಾರನನ್ನು ಬಿಡದೆ ಎಣಿಸುವ ಒಂದು ಪುಸ್ತಕ ನಮ್ಮಲ್ಲೂ ಉಂಟು. ಕೇಂದ್ರ ಸರ್ಕಾರದ ರಸ್ತೆ ಅಪಘಾತ ವರದಿ. ಅದರಲ್ಲಿ ಸೈಕಲ್ಲಿಗೆ ಪ್ರತ್ಯೇಕ ಸಾಲು ಇದೆ. ಓಡಾಡಿದವನು ಲೆಕ್ಕಕ್ಕಿಲ್ಲ, ಸತ್ತವನು ಉಂಟು.

ಆ ಆಮ್‌ಸ್ಟರ್‌ಡ್ಯಾಮೂ ಸೈಕಲ್ಲುಗಳ ಊರಾಗಿ ಉಳಿದದ್ದು ಅಂಥದೇ ಒಂದು ಸಾವಿನ ಲೆಕ್ಕದಿಂದ. ಯುದ್ಧದ ನಂತರ ನೆದರ್ಲೆಂಡ್ಸ್ ಕೂಡ ಕಾರಿಗೆ ಮನಸೋತು ಬೀದಿ ಅಗಲ ಮಾಡುತ್ತಿತ್ತು. 1971ರ ಒಂದೇ ವರ್ಷ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು. ಮಕ್ಕಳೇ 400ಕ್ಕೂ ಹೆಚ್ಚು. ವಿಕ್ ಲಾಂಗೆನ್‌ಹೋಫ್ ಎಂಬ ಪತ್ರಕರ್ತ ಮಗಳನ್ನು ಕಳೆದುಕೊಂಡಿದ್ದರು. ಮರುವರ್ಷ ಅವರು ಬರೆದ ಲೇಖನದ ತಲೆಬರಹವೇ 'ಮಕ್ಕಳ ಕೊಲೆ ನಿಲ್ಲಿಸಿ' ಎಂಬ ಚಳವಳಿಯ ಹೆಸರಾಯಿತು. ತಾಯಂದಿರು, ಮಕ್ಕಳು ಬೀದಿಗೆ ಅಡ್ಡ ಕೂತರು. ಸೈಕಲ್ ಸವಾರರದೇ ಸಂಘ ಹುಟ್ಟಿದ್ದು 1975ರಲ್ಲಿ. ಅಲ್ಲಿನ ಗಾಳಿ, ಅಲ್ಲಿನ ಸಪಾಟು ನೆಲ ಎಂದು ನಮ್ಮವರು ಕಾರಣ ಹೇಳುವುದುಂಟು. ಆ ನೆಲ ಕಾರಿಗೂ ಸಪಾಟಾಗಿಯೇ ಇತ್ತು.

ನಮ್ಮಲ್ಲಿ ಬೀದಿಗೆ ಅಡ್ಡ ಕೂರುವ ಬದಲು ಬೀದಿಯನ್ನೇ ಒಂದು ಬೆಳಗು ಸಾಲ ಕೇಳುವ ಪದ್ಧತಿ ಬಂತು. 2013ರಲ್ಲಿ ಕಬ್ಬನ್ ಪಾರ್ಕಿನಲ್ಲಿ ಶುರುವಾದ 'ಸೈಕಲ್ ಡೇ' ಆಮೇಲೆ ಬಡಾವಣೆ ಬಡಾವಣೆಗೂ ಹರಡಿತು. ಇದರ ಮೂಲ ಕೊಲಂಬಿಯಾದ ಬೊಗೊಟಾದಲ್ಲಿದೆ. ಅಲ್ಲಿ 1974ರಲ್ಲಿ ಕೆಲವು ಸೈಕಲ್ ಪ್ರಿಯರು ಒಂದು ದಿನ ಬೀದಿ ಕೇಳಿ ಪಡೆದದ್ದೇ ಬೆಳೆದು, ಈಗ ಪ್ರತಿ ಭಾನುವಾರ ಬೆಳಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ನೂರಕ್ಕೂ ಹೆಚ್ಚು ಕಿಲೊಮೀಟರ್ ರಸ್ತೆ ಜನರದು.

ಬಡಾವಣೆಯ ಸೈಕಲ್ ಡೇಯ ಸೊಗಸೇ ಬೇರೆ. ಬೀದಿಯ ಎರಡೂ ತುದಿಗೆ ಪೊಲೀಸ್ ಬ್ಯಾರಿಕೇಡು. ಹಿಂದಿನ ರಾತ್ರಿಯೇ ಕಾರು ತೆಗೆಯಿರೆಂದು ಚೀಟಿ ಅಂಟಿಸಿದ್ದರೂ ತೆಗೆಯದ ಒಂದು ಬಿಳಿ ಎಸ್‌ಯುವಿ ನಡುಬೀದಿಯಲ್ಲಿ; ಮಕ್ಕಳಿಗೆ ಅದೇ ವೃತ್ತ, ಅದನ್ನೇ ಸುತ್ತು ಹಾಕಿದರು. ಬ್ಯಾಲೆನ್ಸ್ ಚಕ್ರದ ಸೈಕಲ್ಲಿನ ಪುಟಾಣಿಗಳು, ಬ್ಯಾಲೆನ್ಸ್ ಬಿಟ್ಟು ಅಂದೇ ಮೊದಲ ಸಲ ನಾಲ್ಕು ಮಾರು ಹೋದವರು, ಹಿಂದೆ ಸೀಟು ಹಿಡಿದು ಓಡುವ ಅಪ್ಪಂದಿರು. ಮೂಲೆಯಲ್ಲಿ ಲಗೋರಿ, ಸೀಮೆಸುಣ್ಣದಲ್ಲಿ ಬರೆದ ಕುಂಟೆಬಿಲ್ಲೆ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಮೊಮ್ಮಗಳ ಗುಲಾಬಿ ಸೈಕಲ್ ಕಸಿದುಕೊಂಡು, ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ ಒಂದು ಸುತ್ತು ಹೊಡೆದೇ ಬಿಟ್ಟರು. ಹಾಸನದ ಕಡೆಯವರಂತೆ, ತೋಟದ ದಾರಿಯಲ್ಲಿ ಅಣ್ಣನ ಸೈಕಲ್ ಕದ್ದು ಕಲಿತದ್ದಂತೆ. ಬೀದಿಯಿಡೀ ಚಪ್ಪಾಳೆ. ಇಷ್ಟೆಲ್ಲ ಚೆಂದವಾದರೂ ಹತ್ತೂವರೆಗೆ ಬ್ಯಾರಿಕೇಡು ಸರಿಸಿದ ಐದೇ ನಿಮಿಷಕ್ಕೆ ಆ ಸುತ್ತು ಹೊಡೆದ ಜಾಗದಲ್ಲಿ ಮೂರು ಕಾರು ಡಬಲ್ ಪಾರ್ಕಿಂಗ್ ಮಾಡಿದ್ದವು. ಹಬ್ಬದಿಂದ ಹಕ್ಕು ಹುಟ್ಟುತ್ತದೆಂದು ನಂಬುವಷ್ಟು ಎಳೆಯರಲ್ಲ ಗುಂಪಿನವರು. ಅಲ್ಲಿ ಸಹಿ ಸಂಗ್ರಹದ ಮೇಜೂ ಇತ್ತು.

ಆ ಮೇಜಿನ ಮುಂದೆಯೇ ಅಂಗಡಿಯವರು ತಗಾದೆ ತೆಗೆದರು. "ಪಾರ್ಕಿಂಗ್ ಹೋದ್ರೆ ಗಿರಾಕಿ ಎಲ್ಲಿಗೆ ಬರ್ತಾನೆ?" ಎಂದು ಹಾರ್ಡ್‌ವೇರ್ ಅಂಗಡಿಯವರು. ಬಣ್ಣದ ಡಬ್ಬ, ಸಿಮೆಂಟು ಮೂಟೆ ಸೈಕಲ್ಲಿನಲ್ಲಿ ಒಯ್ಯುತ್ತಾರೆಯೆ ಎಂದು ಕೇಳಿದಾಗ ಉತ್ತರ ಸುಲಭವಿರಲಿಲ್ಲ. ಅವರ ಆತಂಕ ಸುಳ್ಳಲ್ಲ. ಸಾಫ್ಟ್‌ವೇರಿನ ಹೆಣ್ಣುಮಗಳು ಚರ್ಚೆಗಿಳಿಯದೆ ಒಂದು ಕೆಲಸ ಮಾಡಿದಳು. ಅಂಗಡಿಯ ಮುಂದೆ ಇಡೀ ದಿನ ಕೂತು, ನಿಂತ ಕಾರುಗಳಲ್ಲಿ ಯಾರು ಯಾವ ಅಂಗಡಿಗೆ ಹೋದರೆಂದು ಬರೆದಳು. ಬೆಳಗ್ಗೆ ನಿಂತು ಸಂಜೆಯವರೆಗೂ ಅಲ್ಲಾಡದ ಕಾರುಗಳು ಅಂಗಡಿ ಮಾಲೀಕರವೇ. ಹಾಳೆ ನೋಡಿ ಅವರು ನಕ್ಕರು, ಆದರೆ ಸಹಿ ಹಾಕಲಿಲ್ಲ.

ಎಣಿಕೆಯ ಹಾಳೆಗಳ ಕಟ್ಟು ಹಿಡಿದು ಗುಂಪು ಮತ್ತೆ ಕಚೇರಿಗೆ ಹೋಯಿತು. ಹೇಳಿಕೊಳ್ಳಲು ವಾರ್ಡಿಗೊಬ್ಬ ಕಾರ್ಪೊರೇಟರೂ ಇರಲಿಲ್ಲ. ಹಿಂದಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆದಿರಲಿಲ್ಲ. ದೂರು ಹೇಳಲು ಎಂಜಿನಿಯರೇ ದೇವರು. ಅವರು ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಪಥದ ವಿಷಯ ಮೇಲಿನವರ ಕೈಯಲ್ಲಿದೆ ಎಂದರು. ದೀಪದ ವಿಷಯ ಬೇರೆ ವಿಭಾಗ ಎಂದರು. ಜಾಲರಿ? ಅದಕ್ಕೆ ಯಾರನ್ನೂ ಕೇಳಬೇಕಿಲ್ಲ. ವೆಲ್ಡಿಂಗ್ ಸಲಕರಣೆ ಹಿಡಿದ ಇಬ್ಬರು ಬಂದು, ಉದ್ದದ ಕಂಬಿಗಳ ಮೇಲೆ ಅಡ್ಡ ಪಟ್ಟಿ ಬೆಸೆದು ಹೋದರು. ಚೌಕವಾಗಿದ್ದ ಎರಡನ್ನು ಎತ್ತಿ ತಿರುಗಿಸಿ ಇಟ್ಟರು, ಅಷ್ಟೇ. ಇಡೀ ಹೋರಾಟದಲ್ಲಿ ಆಗಿನವರೆಗೆ ನೆಲದ ಮೇಲೆ ಬಿದ್ದ ಫಲ ಅದೊಂದೇ, ಅದೂ ಯಾವ ಫೋಟೊದಲ್ಲೂ ಚೆನ್ನಾಗಿ ಬರುವುದಿಲ್ಲ. ಸೈಕಲ್ಲಿಗೆ ಏನು ಬೇಕು ಎಂದು ಕೇಳುವವರಿಗೆ ನಾನು ಈಗ ಆ ಜಾಲರಿಯನ್ನೇ ತೋರಿಸುತ್ತೇನೆ.

ಇಷ್ಟಾದ ಮೇಲೆ ಯಾರಿಗೋ ಹೊಳೆಯಿತು: ಎಣಿಸಿದವರನ್ನು ಒಮ್ಮೆ ಮಾತಾಡಿಸಬಾರದೇಕೆ? ಬೆಳಗ್ಗೆ ಏಳಕ್ಕೆ ಅಡ್ಡಗಟ್ಟಿದರೆ ಯಾರೂ ನಿಲ್ಲುವುದಿಲ್ಲ, ತಡವಾದರೆ ಸಂಬಳ ಕತ್ತರಿಸುತ್ತಾರೆ. ಹಾಗಾಗಿ ರಾತ್ರಿ ಎಂಟಕ್ಕೆ, ಪಾಳಿ ಬದಲಾಗುವ ಹೊತ್ತಿಗೆ, ಪಂಚರ್ ಅಂಗಡಿಯ ಮುಂದೆ ಸಭೆ. ಅಂಗಡಿಯೆಂದರೆ ಹೊಂಗೆ ಮರಕ್ಕೆ ತೂಗುಹಾಕಿದ ಟಯರು, ನೀರಿನ ಬೋಗುಣಿ, ಒಂದು ಪಂಪು. ಒಡಿಶಾದವರು, ಅಸ್ಸಾಮಿನವರು, ರಾಯಚೂರು ಕಡೆಯವರು. ಮೇಷ್ಟ್ರು ಪಥದ ನಕ್ಷೆ ಬಿಚ್ಚಿ, ಹಸಿರು ಗೆರೆ ತೋರಿಸಿ ವಿವರಿಸಿದರು. ಎಲ್ಲರೂ ತಲೆದೂಗಿದರು. ನಿಮಗೆ ಇನ್ನೇನು ಬೇಕು ಎಂದಾಗ ಮಾತು ಬೇರೆಯೇ ದಿಕ್ಕಿಗೆ ಹೊರಳಿತು. ಒಬ್ಬ ನಾಯಿಗಳ ಕಾಟ ಎಂದ. ಇನ್ನೊಬ್ಬ, ಪಾಳಿ ಮುಗಿಯುವ ಹೊತ್ತಿಗೆ ಪಂಚರ್ ಅಂಗಡಿ ತೆರೆದಿದ್ದರೆ ಸಾಕು ಎಂದ. ಸೈಕಲ್ ಕಳವಾದರೆ ಪೊಲೀಸರು ದೂರೇ ಬರೆದುಕೊಳ್ಳುವುದಿಲ್ಲ, ರಸೀದಿ ಕೇಳುತ್ತಾರೆ, ನಾಲ್ಕನೆಯ ಕೈಯಿಂದ ಕೊಂಡ ಸೈಕಲ್ಲಿಗೆ ಎಲ್ಲಿಯ ರಸೀದಿ ಎಂದು ಮತ್ತೊಬ್ಬ.

ರಾಯಚೂರಿನವನು ಕೊನೆಗೆ ಬಾಯಿ ಬಿಟ್ಟ. "ಮೇಡಂ, ನಿಮ್ಮ ಅಪಾರ್ಟ್‌ಮೆಂಟಿನ್ಯಾಗ ನಾ ಬೇಸ್‌ಮೆಂಟ್ ಕಾಯ್ತೀನ್ರಿ. ನೂರಾರು ಕಾರು ಅದಾವ. ನನ್ನ ಸೈಕಲ್ ಒಳಗ ಬಿಡಾಂಗಿಲ್ರಿ. ಹೊರಗ ಲೈಟ್ ಕಂಬಕ್ಕ ಚೈನ್ ಹಾಕಿ ಬಿಟ್ಟಿರ್ತೀನಿ. ರಾತ್ರಿಯೆಲ್ಲ ಕಾರು ಕಾಯೋದು, ಜೀವ ಸೈಕಲ್ ಮ್ಯಾಲ."

ಹೆಣ್ಣುಮಗಳು ಮೇಷ್ಟ್ರ ಮುಖ ನೋಡಿದಳು. ಮನವಿಗೆ ಸಹಿ ಹಾಕಿದವರಲ್ಲಿ ಅರ್ಧಕ್ಕರ್ಧ ಅದೇ ಅಪಾರ್ಟ್‌ಮೆಂಟಿನವರು. ಇದಕ್ಕೆ ನಿರ್ದೇಶನಾಲಯ ಬೇಡ, ಪಾಲಿಕೆ ಬೇಡ, ಟೆಂಡರು ಬೇಡ. ಗೋಡೆಗೊಂದು ಕಬ್ಬಿಣದ ಕೊಳವೆ, ಸಂಘದ ಒಂದು ಠರಾವು. ಮುಂದಿನ ಭಾನುವಾರದ ಸಭೆಗೇ ತರುತ್ತೇನೆಂದು ಆಕೆ ಮಾತು ಕೊಟ್ಟಳು, ತಂದಳೂ ಕೂಡ. ಕಾರ್ಯಸೂಚಿಯಲ್ಲಿ ಅದು ಏಳನೆಯ ವಿಷಯ. ನಾಲ್ಕನೆಯದು ಎಲೆಕ್ಟ್ರಿಕ್ ಕಾರಿನ ಚಾರ್ಜಿಂಗ್ ಪಾಯಿಂಟು, ಐದನೆಯದು ಅತಿಥಿಗಳ ಕಾರಿಗೆ ಜಾಗ. ಅದರ ಮೇಲೆ ಒಂದೂವರೆ ಗಂಟೆ ವಾದ ನಡೆಯಿತು. ಏಳನೆಯದು ಬರುವ ಹೊತ್ತಿಗೆ ಕಾರ್ಯದರ್ಶಿಗಳು ಕೈಗಡಿಯಾರ ನೋಡಿ, "ಒಳ್ಳೆ ಸಲಹೆ. ಆದ್ರೆ ಒಟ್ಟು ಎಷ್ಟು ಜನ ಸ್ಟಾಫ್ ಸೈಕಲ್ ತರ್ತಾರೆ, ಮೊದಲು ಒಂದು ಲಿಸ್ಟ್ ಮಾಡಿಬಿಡಿ" ಎಂದರು.

ಲಿಸ್ಟು ಆಕೆಯ ಕೈಯಲ್ಲೇ ಇತ್ತು. ಮೇಜಿನ ಮೇಲಿಟ್ಟಳು.